ನೂರಾ ಹದಿಮೂರನೆಯ ಕೂಸಿನ ತೊಟ್ಟಿಲು

ಯಾವ ಬಣ್ಣದ ಪರದೆ ಕಟ್ಟಲಿ ಎಂದು ನಾನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಂಡು ಕೂಸಾದರೆ ನೀಲಿ, ಹೆಣ್ಣಾದರೆ ಗುಲಾಬಿ, ಬೀಗರೊಳಗೆ ತಕರಾರಿದ್ದರೆ ಹಳದಿ. ತೊಟ್ಟಿಲ ಡೆಕೋರೇಶನ್ ಮಾಡುವವನು ಮೊದಲು ಕೇಳುವುದೇ ಇದನ್ನು.

“ಅದರ ಬಣ್ಣ ಇನ್ನೂ ಯಾರೂ ನೋಡಿಲ್ರಿ ಚಾಚಾ,” ಎಂದರು ಫೋನಿನಲ್ಲಿ ಅಕ್ಕೋರು. ಸಂಖ ಎಂಬ ಊರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು.

“ಬಣ್ಣ ಬಿಡ್ರಿ. ಗಂಡೋ ಹೆಣ್ಣೋ?”

“ಎರಡೂ ಅಲ್ರಿ.”

“ಆತು. ಎಷ್ಟ ದಿನದ ಕೂಸು?”

“ದಿನದ ಲೆಕ್ಕ ಎಲ್ಲೀದ್ರಿ? ನೀವೊಮ್ಮಿ ಕಣ್ಣ ಪಿಳುಕಿಸೂದ್ರಾಗ ಮುಗದ ಹೋಗಿರತದ,” ಎಂದು ಕಿಲಕಿಲ ನಕ್ಕರು.

ನನಗೆ ಸಿಟ್ಟು ನೆತ್ತಿಗೇರಿತು. “ಅಲ್ರಿ ಅಕ್ಕೋರ, ಸಾಲಿ ಕಲಸಾವ್ರು ನೀವು. ಸತ್ತ ಕೂಸಿನ ಮಾತ ಹಿಂಗ ನಕ್ಕೋತ ಹೇಳ್ತಾರೇನ್ರಿ?” ಎಂದು ಫೋನು ಇಟ್ಟುಬಿಟ್ಟೆ.

ಮರುದಿನ ಸಾಲಿ ಬಿಟ್ಟ ಮೇಲೆ ಅವರು ಬಸ್ಸು ಹತ್ತಿ ನಮ್ಮೂರು ಉಮದಿಗೇ ಬಂದರು. ಬಸ್‌ಸ್ಟ್ಯಾಂಡಿನ ಹಿಂದಿನ ನನ್ನ ಅಂಗಡಿಯಲ್ಲಿ ನಾನು ಥರ್ಮಾಕೋಲ್ ಕತ್ತರಿಸುತ್ತಿದ್ದೆ, ನನ್ನ ಹೆಂಡತಿ ಪ್ಲಾಸ್ಟಿಕ್ ಹೂ ಪೋಣಿಸುತ್ತಿದ್ದಳು. ಮದುವೆ ಮಂಡಪದ ಕೆಲಸವನ್ನೆಲ್ಲ ಈಗ ವಿಜಯಪುರದ ದೊಡ್ಡ ಕುಳಗಳು ಹೊಡೆದುಕೊಂಡು ಹೋಗುತ್ತಾರೆ. ನನಗೆ ಉಳಿದಿರುವುದು ಬಾರಸಿ, ಅಂದರೆ ಕೂಸಿಗೆ ಹೆಸರಿಡುವ ಕಾರ್ಯಕ್ರಮ. ಅದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಈ ಕಡೆ ಇಲ್ಲ. ಕಾರಣ ನನ್ನ ಅಪ್ಪ ಬಿಟ್ಟುಹೋದ ಸಾಗವಾನಿ ತೊಟ್ಟಿಲು. ಕಡೆದ ಗುಬ್ಬಿ, ಹಿತ್ತಾಳೆ ಗೆಜ್ಜೆ, ತೊಳೆಯಲು ಅನುಕೂಲವಾಗಲೆಂದು ತೆಗೆದುಹಾಕಬಹುದಾದ ತಳದ ಹಲಗೆ. ಅದರಲ್ಲಿ ಮಲಗಿದ ಕೂಸಿಗೆ ಕೆಮ್ಮು ಸಹ ಬಂದದ್ದಿಲ್ಲ ಎಂದು ಜನ ಮಾತಾಡುತ್ತಾರೆ. ನಾನೂ ಅಲ್ಲ ಎನ್ನಲು ಹೋಗುವುದಿಲ್ಲ.

“ಕೂಸಂದ್ರ ಕೂಸಲ್ರಿ ಚಾಚಾ, ಮೂಲವಸ್ತು,” ಎಂದು ಅಕ್ಕೋರು ಕುಂತರು. ತಾಲೂಕಿನ ವಿಜ್ಞಾನ ನಾಟಕ ಸ್ಪರ್ಧೆಗೆ ಅವರ ಸಾಲಿಯ ಹುಡುಗಿಯರು ನಾಟಕ ಆಡುವವರಿದ್ದರು. ವಿಷಯ, ಭೂಮಿಯ ಮೇಲೆ ಎಲ್ಲಿ ಅಗೆದರೂ ಸಿಗದ, ಮನುಷ್ಯರು ಯಂತ್ರದೊಳಗೆ ಮಾಡಿದ ಮೂಲವಸ್ತು. ನಂಬರು ನೂರಾ ಹದಿಮೂರು, ಹೆಸರು ನಿಹೋನಿಯಂ.

“ಅಪ್ಪ ಯಾರು?” ಎಂದು ಕೇಳಿದೆ. ಬಾರಸಿಯೆಂದರೆ ಮನೆತನ ಗೊತ್ತಿರಬೇಕು.

“ಸತು. ಅವನ ನಂಬರ ಮೂವತ್ತು. ಅವ್ವ ಬಿಸ್ಮತ್, ಎಂಬತ್ತಮೂರು. ಕೂಡಸ್ರಿ.”

ನನ್ನ ಹೆಂಡತಿ ನನಗಿಂತ ಮೊದಲು ಕೂಡಿಸಿ, “ನೂರಾ ಹದಿಮೂರು,” ಎಂದಳು. ಮಂಡಪದ ಪೈಪಿಗೆ ತುಕ್ಕು ಹಿಡಿಯದಂತೆ ಬಳಿದಿರುತ್ತಾರಲ್ಲ, ಅದೇ ಸತುವು ಅಪ್ಪ ಎಂದು ತಿಳಿದು ನನಗೆ ಸ್ವಲ್ಪ ಅಭಿಮಾನವೂ ಆಯಿತು.

ಅಕ್ಕೋರು ಹೇಳುತ್ತ ಹೋದರು. ಜಪಾನಿನ ವಿಜ್ಞಾನಿಗಳು ಬಿಸ್ಮತ್ತಿನ ತೆಳ್ಳನೆಯ ಲೇಪವನ್ನು ಗರಗರ ತಿರುಗಿಸಿ, ಅದಕ್ಕೆ ಸತುವಿನ ಕಣಗಳನ್ನು ಭಾರೀ ವೇಗದಲ್ಲಿ ಹೊಡೆದರು. ಎರಡು ಗಟ್ಟಿಯಾಗಿ ಕೂಡಿಕೊಂಡರೆ ಕೂಸು. ಆದರೆ ಹೊಡೆದವೆಲ್ಲ ಪಕ್ಕಕ್ಕೆ ಸಿಡಿದು ಹೋಗುತ್ತವೆ. ಒಂಬತ್ತು ವರ್ಷದಲ್ಲಿ ಕೂಡಿಕೊಂಡದ್ದು ಮೂರು ಸಲ. ಮೂರೇ ಮೂರು ಕಣ. ಅದು ಲೋಹ ಇರಬೇಕು ಎನ್ನುವುದು ಲೆಕ್ಕದಿಂದ ಹೇಳುವ ಮಾತು. ಹೊಳಪು, ಬಣ್ಣ ನೋಡುವಷ್ಟು ಒಟ್ಟಿಗೆ ಯಾರ ಕೈಗೂ ಸಿಕ್ಕಿಲ್ಲ. ಹೆಸರಿಡುವ ತನಕ ಅದನ್ನು ಲ್ಯಾಟಿನಿನಲ್ಲಿ ‘ಒಂದು ಒಂದು ಮೂರು’ ಎಂದೇ ಕರೆದರಂತೆ, ಆಸ್ಪತ್ರೆಯಲ್ಲಿ ಕೂಸಿನ ಕಾಲಿಗೆ ನಂಬರು ಕಟ್ಟುತ್ತಾರಲ್ಲ ಹಾಗೆ. ಅಷ್ಟರಲ್ಲಿ ಬೇರೆ ದೇಶಗಳವರ ಒಂದು ಗುಂಪು ಬಂದು, ಇದು ಮೊದಲು ನಮ್ಮಲ್ಲೇ ಹುಟ್ಟಿದ್ದು ಎಂದಿತು. ಕಡೆಗೆ ಪಂಚರು ಕುಂತು ಕಾಗದಪತ್ರ ನೋಡಿ ಹೆಸರಿಡುವ ಹಕ್ಕು ಜಪಾನಿನವರದು ಎಂದರು. ಅವರು ತಮ್ಮ ದೇಶದ ಹೆಸರನ್ನೇ ಇಟ್ಟರು. ಯಾರದಾದರೂ ತಕರಾರಿದ್ದರೆ ಹೇಳಲಿ ಎಂದು ಐದು ತಿಂಗಳು ಬಿಟ್ಟರು.

“ಐದ ತಿಂಗಳ?” ಎಂದೆ. “ನಮ್ಮ ಮಂದಿ ಗುಗ್ಗರಿ ಹಂಚೂದು ಐದ ಮಿನೀಟ ತಡಾ ಆದ್ರ ಎದ್ದ ಹೊಕ್ಕಾರ.”

“ಅದಕ್ಕ ನಾ ಇದನ್ನ ಬಾರಸಿ ಮಾಡೀನ್ರಿ. ಸೋದರತ್ತಿ ಬಂದು ಕೂಸಿನ ಕಿವ್ಯಾಗ ‘ಕುರ್ರ್’ ಅಂದು ಹೆಸರ ಹೇಳಬೇಕಂತ ಬಗ್ಗತಾಳ. ಬಗ್ಗೂದ್ರಾಗ ಕೂಸಿಲ್ಲ. ಹುಡುಗ್ಯಾರು ಖಾಲಿ ತೊಟ್ಟಲಾ ತೂಗ್ಕೋತ ಹಾಡ ಹೇಳ್ತಾರ. ನೋಡಾವ್ರಿಗೆ ಜುಮ್ ಅನಬೇಕು.”

ನನಗೆ ಆಗಲೇ ಜುಮ್ ಅಂದಿತ್ತು. ಕೈಯೊಳಗಿನ ಕತ್ತಿ ಕೆಳಗಿಟ್ಟೆ. “ಖಾಲಿ ತೊಟ್ಟಲಾ ತೂಗೂದು? ನನ್ನ ತೊಟ್ಟಲಾ? ಆಗೂದಿಲ್ರಿ. ಜಪಾನಿನವರ ಬಂದು ಕೇಳಿದ್ರೂ ಆಗೂದಿಲ್ಲ.”

ಖಾಲಿ ತೊಟ್ಟಿಲು ತೂಗಬಾರದು ಎನ್ನುವುದು ನಮ್ಮ ಕಡೆ ಕೈಗೂಸಿಗೂ ಗೊತ್ತಿರುವ ಮಾತು. ಹಿಂದೂಗಳು, ಮುಸಲ್ಮಾನರು ಎಂಬ ಭೇದ ಅದರಲ್ಲಿಲ್ಲ. ನನ್ನ ತೊಟ್ಟಿಲು ಮನೆಯಿಂದ ಮನೆಗೆ ಟೆಂಪೋದಲ್ಲಿ ಹೋಗುವಾಗಲೂ ಅಲುಗಾಡದಂತೆ ಹಗ್ಗ ಬಿಗಿದೇ ಒಯ್ಯುತ್ತೇನೆ. ಅದಕ್ಕೂ ದೊಡ್ಡ ತೊಡಕೆಂದರೆ, ಸ್ಪರ್ಧೆ ಶನಿವಾರ. ಭಾನುವಾರ ಅದೇ ತೊಟ್ಟಿಲು ಸಂಖದ ಕುರಿ ಕಾಯುವ ಮನೆತನದ ಒಬ್ಬ ಆಯಿಯ ಮೊಮ್ಮಗನ ಬಾರಸಿಗೆ ಹೋಗಬೇಕಿತ್ತು. ಬುಕಿಂಗ್ ಮಾಡಲು ಬಂದಾಗ ಆಯಿ ಬಣ್ಣ ಕೇಳಲಿಲ್ಲ, ಹೂ ಕೇಳಲಿಲ್ಲ. ತೊಟ್ಟಿಲ ಮೇಲೆ ನನ್ನ ಕೈ ಇಡಿಸಿ, “ತಮ್ಮಾ, ಇದನ್ನ ಎಂದೂ ಬರಿದ ತೂಗಿಲ್ಲಂತ ಆಣಿ ಮಾಡು,” ಎಂದಿದ್ದಳು. ಮಾಡಿದ್ದೆ. ಆಯಿಯ ಮಾತಿಗೆ ಸುತ್ತಲಿನ ದೊಡ್ಡಿಗಳಲ್ಲೆಲ್ಲ ಬೆಲೆ. ಆಕೆ ಈ ತೊಟ್ಟಿಲು ಕೆಟ್ಟಿತು ಎಂದರೆ ಅದರಲ್ಲಿ ನಾನು ಈರುಳ್ಳಿ ತುಂಬಿಡಬೇಕಾಗುತ್ತಿತ್ತು.

ಅಕ್ಕೋರು ಬಿಡುವ ಪೈಕಿ ಅಲ್ಲ. ನಾನು ಕೊಡುವ ಪೈಕಿ ಅಲ್ಲ. ಇಬ್ಬರೂ ಮುಖ ಊದಿಸಿಕೊಂಡು ಕುಂತಾಗ ನನ್ನ ಹೆಂಡತಿ ಹೂವಿನಿಂದ ತಲೆ ಎತ್ತದೆ ಹೇಳಿದಳು. “ಗುಂಡಕಲ್ಲ ಮಲಗಸ್ರಿ. ಬಾರಸಿಯೊಳಗ ಕೂಸಿನಕಿಂತ ಮೊದಲ ತೊಟ್ಟಲದಾಗ ಮಲಗೂದು ಅದಲ್ಲೇನು?”

ನಿಜ. ಅರೆಯುವ ಗುಂಡುಕಲ್ಲಿಗೆ ಕುಂಚಿಗೆ ಟೊಪ್ಪಿಗೆ ಹಾಕಿ, ಕೂಸಿನ ಹಾಗೆ ಸಿಂಗರಿಸಿ, ಮೊದಲು ಅದನ್ನು ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ನಾನು ಇದನ್ನು ಹೇಳಬೇಕೆಂದೇ ಬಾಯಿ ತೆರೆದಿದ್ದೆ ಎಂದೆ. ಯಾರೂ ನಂಬಲಿಲ್ಲ.

“ಕಲ್ಲು ಭಾರ ಐತಿ, ಅದು ಚಲೋ,” ಎಂದರು ಅಕ್ಕೋರು. “ಈ ಮೂಲವಸ್ತೂ ಭಾಳ ಭಾರದ್ದು. ಆದ್ರ ಕಲ್ಲು ಅಲ್ಲೇ ಇರತದಲ್ರಿ. ಇದು ಇರೂದಿಲ್ಲ. ಸುಳ್ಳ ಹೇಳಿದಂಗ ಆಗತದ.”

“ಹಂಗಾದ್ರ ಇರಲಾರದ್ದು ಎಲ್ಲಿ ಹೊಕ್ಕತಿ?” ಎಂದು ರೇಗಿದೆ. “ಹೋಗಾಕ ಒಂದ ಜಾಗಾ ಬೇಕಲ್ರಿ!”

ಅವರು ತೊಡೆ ತಟ್ಟಿ ಎದ್ದರು. “ಚಾಚಾ, ಖಾಲಿ ಆಗೂದೇ ಇಲ್ರಿ! ನಾನ ತಪ್ಪ ಬರದೀನಿ. ಅದು ಒಂದು ಸಣ್ಣ ಚೂರ ಹೊರಗ ಒಗದು ನೂರಾ ಹನ್ನೊಂದ ಆಗತದ. ಅದು ಮತ್ತ ಒಗದು ನೂರಾ ಒಂಬತ್ತು. ಹಂಗ ಸಣ್ಣದ ಆಕ್ಕೋತ ಹೊಕ್ಕತಿ. ಒಗದ ಚೂರ ಹಿಡದೇ ಮೊದಲಿಂದು ಇತ್ತಂತ ಗುರ್ತ ಹಿಡದಾರ. ಒಂದ ಕಲ್ಲಲ್ಲ, ಮೂರ ಕಲ್ಲ ಬೇಕು. ದೊಡ್ಡದು, ನಡುವಿಂದು, ಸಣ್ಣದು. ಮಂದಿಗೆ ಗೊತ್ತಾಗಲಾರದಂಗ ಬದಲ ಆಗಬೇಕು. ಆಗತದೇನ್ರಿ ನಿಮ್ಮ ಕೈಲೆ?”

ನನ್ನ ಕೈಲಿ ಆಗುತ್ತದೆಯೇ ಎಂದು ಕೇಳಿದರೆ ನಾನು ಆಗುತ್ತದೆ ಎಂದೇ ಹೇಳುವವನು. ಅದೊಂದು ರೋಗ.

ಮೊದಲು ಥರ್ಮಾಕೋಲಿನ ಕಲ್ಲು ಮಾಡಿದೆ. ಕರಿ ಬಣ್ಣ ಬಳಿದು, ಮೇಲೆ ಮರಳು ಅಂಟಿಸಿ, ನೋಡಿದವರು ಹೌಹಾರಬೇಕು ಹಾಗೆ. ರಿಹರ್ಸಲಿನಲ್ಲಿ ಹುಡುಗಿಯೊಬ್ಬಳು “ಅಬ್ಬಾ, ಏನ ಭಾರ!” ಎನ್ನುತ್ತ ಅದನ್ನು ಎರಡು ಬೆರಳಿನಲ್ಲಿ ಎತ್ತಿದಳು. ಉಳಿದವರು ನಕ್ಕು ನೆಲಕ್ಕೆ ಬಿದ್ದರು. ಅದೇ ಹೊತ್ತಿಗೆ ಕಿಟಕಿಯಿಂದ ಗಾಳಿ ಬೀಸಿ ಮೂಲವಸ್ತು ತೊಟ್ಟಿಲಿನಿಂದ ಹಾರಿ ಹೋಯಿತು. ಖರೇ ಕಲ್ಲೇ ಬೇಕು ಎಂದಾಯಿತು.

ಅಪ್ಪನ ತೊಟ್ಟಿಲಿಗೆ ಗರಗಸ ತಾಗಿಸುವ ಮಾತೇ ಇರಲಿಲ್ಲ. ತಳದ ಹಲಗೆ ತೆಗೆದು, ಒಳಗೆ ಪ್ಲೈವುಡ್ಡಿನ ಇಳಿಜಾರು ಪೆಟ್ಟಿಗೆ ಕೂರಿಸಿದೆ. ಅದರಲ್ಲಿ ಮೂರು ಕಲ್ಲು ಸಾಲಾಗಿ ಕೂರಬೇಕು, ಒಂದೊಂದಕ್ಕೂ ಒಂದೊಂದು ಕೊಂಡಿ. ಹಗ್ಗ ಒಮ್ಮೆ ಎಳೆದರೆ ದೊಡ್ಡದು ಕೆಳಗೆ ತೂಗಿಬಿಟ್ಟ ಗೋಣಿಚೀಲಕ್ಕೆ ಬೀಳಬೇಕು, ನಡುವಿನದು ಉರುಳಿ ಅದರ ಜಾಗಕ್ಕೆ ಬರಬೇಕು. ಹಗ್ಗ ಗಡಗಡಿ ರಾಟೆಯ ಮೇಲಿಂದ ಪರದೆಯ ಹಿಂದಿದ್ದ ನನ್ನ ಕೈಗೆ. ದೊಡ್ಡದು ನಮ್ಮ ಮನೆಯ ಮಸಾಲೆ ಅರೆಯುವ ಕಲ್ಲು, ಸಣ್ಣದು ಶುಂಠಿ ಜಜ್ಜುವ ಕಲ್ಲು. ಆ ವಾರ ನಮ್ಮ ಮನೆಯಲ್ಲಿ ಮಸಾಲೆ ಇಲ್ಲದ ಸಾರು. ನಾನು ಒಂದು ಮಾತೂ ಆಡದೆ ಉಂಡೆ.

ಮೊದಲ ಸಲ ಎಳೆದಾಗ ದೊಡ್ಡ ಕಲ್ಲು ಚೀಲ ಬಿಟ್ಟು ಸಾಲಿಯ ವೇದಿಕೆಗೆ ಬಿತ್ತು. ಹಲಗೆ ಸೀಳಿತು. ಹೆಡ್‌ಮಾಸ್ತರರು ಓಡಿ ಬಂದು, ಯಾರಿಗೆ ಏನಾಯಿತು ಎಂದರು. “ನೂರಾ ಹನ್ನೊಂದ ಆತ್ರಿ ಸರ,” ಎಂದಳು ಒಬ್ಬಳು. ಚೀಲದೊಳಗೆ ಹಳೆಯ ಗಾದಿ ತುರುಕಿದೆ. ಸದ್ದು ನಿಂತಿತು. ಆಮೇಲೆ ಕೊಂಡಿ ಜಾಮ್ ಆಗತೊಡಗಿತು. ಕೊಬ್ಬರಿ ಎಣ್ಣೆ ಹಾಕಿದೆ. ಆಗ ಬೇಕಾದ್ದಕ್ಕಿಂತ ಸಲೀಸಾಗಿ ಜಾರತೊಡಗಿತು. ಸಲೀಸು ಒಳ್ಳೆಯದು ಎಂದು ಬಿಟ್ಟುಬಿಟ್ಟೆ. ಅಲ್ಲಿ ನಾನು ಮೂರ್ಖನಾದೆ.

ಶನಿವಾರ ಸ್ಪರ್ಧೆಯ ಹಾಲ್ ಜನರಿಂದ ತುಂಬಿತ್ತು. ಪರದೆಯ ಸಂದಿನಿಂದ ಇಣುಕಿದೆ. ಮೊದಲ ಸಾಲಿನಲ್ಲಿ ಪರೀಕ್ಷಕರು. ಅವರ ಹಿಂದೆಯೇ, ಕೋಲು ತೊಡೆಯ ಮೇಲೆ ಇಟ್ಟುಕೊಂಡು, ಆಯಿ! ಯಾರೋ ಪುಣ್ಯಾತ್ಮರು ಸುದ್ದಿ ಮುಟ್ಟಿಸಿದ್ದರು.

ಇಳಿದು ಹೋಗಿ ಮಾತಾಡಿಸಿದೆ. “ಬರಿದ ತೂಗೂದಿಲ್ಲಬೇ ಆಯಿ. ಒಳಗ ಕಲ್ಲ ಇರತದ, ಮೂರ ಕಲ್ಲ.”

“ನೋಡಾಕ ಬಂದೀನಿ,” ಎಂದಳು. ಅಷ್ಟೇ.

ನಾಟಕ ಚೆನ್ನಾಗಿಯೇ ಶುರುವಾಯಿತು. ಸತು ಓಡಿ ಬಂದು ಬಿಸ್ಮತ್ತಿಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಬಿದ್ದಾಗಲೆಲ್ಲ ಜನ ನಕ್ಕರು. ಕಡೆಗೆ ಕೂಡಿಕೊಂಡರು. ಕುಂಚಿಗೆ ತೊಟ್ಟ ದೊಡ್ಡ ಕಲ್ಲನ್ನು ನಾಲ್ಕು ಹುಡುಗಿಯರು ತೇಕುತ್ತ ತಂದು ತೊಟ್ಟಿಲಲ್ಲಿ ಮಲಗಿಸಿದರು. ಅತ್ತೆಯ ಪಾರ್ಟಿನವಳು ಸೆರಗು ಸರಿಮಾಡಿಕೊಂಡು ಬಂದಳು. ಅಕ್ಕೋರು ಪಕ್ಕದಲ್ಲಿ ಮೈಕು ಹಿಡಿದು ಕಥೆ ಹೇಳುತ್ತಿದ್ದರು. ನಾನು ಹಗ್ಗ ಎಳೆದೆ.

ಬರಲಿಲ್ಲ. ಗೆಜ್ಜೆಯ ಸರಪಳಿಗೆ ಹಗ್ಗ ಸಿಕ್ಕಿಕೊಂಡಿತ್ತು. ಮೆಲ್ಲಗೆ ಬಿಡಿಸಬೇಕಿತ್ತು. ಮೆಲ್ಲಗೆ ಎನ್ನುವುದು ನನ್ನ ಸ್ವಭಾವದಲ್ಲಿಲ್ಲ. ಕಾಲು ಊರಿ ಜಗ್ಗಿದೆ. ಕೊಬ್ಬರಿ ಎಣ್ಣೆ ತನ್ನ ಕೆಲಸ ಮಾಡಿತು. ಮೂರೂ ಕೊಂಡಿ ಒಟ್ಟಿಗೆ ಜಾರಿದವು. ಧಡ್, ಧಡ್, ಧಡ್. ಚೀಲದ ಹಗ್ಗ ಹರಿಯಿತು. ನಮ್ಮ ಮಸಾಲೆ ಕಲ್ಲು ಕುಂಚಿಗೆ ಸಮೇತ ಉರುಳುತ್ತ ಪರೀಕ್ಷಕರ ಕಡೆ ಹೊರಟಿತು. ಒಬ್ಬರು ಕಾಲು ಎತ್ತಿ ಖುರ್ಚಿಯ ಮೇಲೆ ಇಟ್ಟುಕೊಂಡರು.

ಹುಡುಗಿಯರಿಗೆ ಇದಾವುದೂ ಕಾಣಲಿಲ್ಲ. ಅವರು ಜೋಗುಳ ಹಾಡುತ್ತ ತೊಟ್ಟಿಲು ತೂಗುತ್ತಲೇ ಇದ್ದರು. ಬರಿದಾದ ತೊಟ್ಟಿಲು. ತಳದಲ್ಲಿ ನೆಲ ಕಾಣುತ್ತಿತ್ತು. ಆಯಿ ಕೋಲು ಊರಿ ಎದ್ದು ನಿಂತಳು.

ಆಗ ನಾನು ಏನನ್ನೂ ವಿಚಾರ ಮಾಡಲಿಲ್ಲ. ಪರದೆ ಸರಿಸಿ, ಬಣ್ಣ ಮೆತ್ತಿದ ಅಂಗಿಯಲ್ಲೇ ವೇದಿಕೆಗೆ ಓಡಿ, ತೊಟ್ಟಿಲ ಮೇಲೆ ಬಗ್ಗಿ ಎರಡೂ ಕೈ ಒಳಗೆ ಇಟ್ಟುಬಿಟ್ಟೆ. ಖಾಲಿ ಇರಬಾರದು, ಅಷ್ಟೇ ತಲೆಯಲ್ಲಿದ್ದದ್ದು. ತೊಟ್ಟಿಲು ತೂಗುತ್ತಿತ್ತು, ಅದರ ಜೊತೆ ನಾನೂ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದೆ. ಅತ್ತೆಯ ಪಾರ್ಟಿನವಳು ಕಂಗಾಲಾಗಿ ನನ್ನ ಕಿವಿಯಲ್ಲೇ, “ಕುರ್ರ್... ನಿಹೋನಿಯಂ,” ಎಂದಳು.

ಹೆಸರು ಹೇಳಿದ ಕೂಡಲೇ ತೊಟ್ಟಿಲ ಮೇಲೆ ಬಗ್ಗಿದವರ ಬೆನ್ನಿಗೆ ಗುದ್ದಬೇಕು. ಬಾರಸಿಯಲ್ಲಿ ಅತ್ತೆಗೆ ಸಿಗುವ ಮರ್ಯಾದೆ ಅದು, ಹುಡುಗಿಯರಿಗೆ ಅಕ್ಕೋರು ಕಲಿಸಿದ್ದೂ ಅದನ್ನೇ. ಬಗ್ಗಿದವನು ನಾನು. ಒಬ್ಬಳೂ ಅನುಮಾನಿಸಲಿಲ್ಲ. ಜೋಳದ ರೊಟ್ಟಿ ಬಡಿದು ಪಳಗಿದ ಕೈಗಳು ನನ್ನ ಬೆನ್ನ ಮೇಲೆ ಬಿದ್ದವು. “ಅಯ್ಯಯ್ಯೋ, ನಾ ಅತ್ತಿ ಅಲ್ಲ!” ಎಂದು ಕೂಗಿಕೊಂಡೆ. ಹಾಲ್ ತುಂಬ ಶಿಳ್ಳೆ ಎದ್ದವು. ಕೈ ಮಾತ್ರ ತೆಗೆಯಲಿಲ್ಲ.

ಅಕ್ಕೋರ ಧ್ವನಿ ಒಂದಿಷ್ಟೂ ನಡುಗಲಿಲ್ಲ. “ಈಗ ನೀವು ನೋಡುತ್ತಿರುವುದು ಡಿಟೆಕ್ಟರ್,” ಎಂದರು ಮೈಕಿನಲ್ಲಿ. “ಮೂಲವಸ್ತು ಹೊರಟುಹೋದ ಮೇಲೆ ಅದು ಬಿಟ್ಟುಹೋದದ್ದನ್ನು ಕೈಯೊಡ್ಡಿ ಹಿಡಿಯುವುದು ಇದರ ಕೆಲಸ. ಇದು ಹಿಡಿಯದಿದ್ದರೆ, ಅಲ್ಲಿ ಒಂದು ಇತ್ತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.”

ನಮಗೆ ಉತ್ತೇಜನಾರ್ಥ ಬಹುಮಾನ ಬಂತು. ಡಿಟೆಕ್ಟರಿನ ಅಭಿನಯ ಸಹಜವಾಗಿತ್ತು ಎಂದು ಪರೀಕ್ಷಕರು ಎದ್ದು ನಿಂತು ಹೇಳಿದರು. ನನಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಆಯಿ ಮೆಟ್ಟಿಲು ಹತ್ತಿ ನನ್ನ ಕಡೆ ಬರುತ್ತಿದ್ದಳು. ನನ್ನ ಅಪ್ಪನ ತೊಟ್ಟಿಲು ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಆಕೆ ನನ್ನನ್ನು ದಾಟಿ ಅಕ್ಕೋರ ಮುಂದೆ ನಿಂತಳು. “ಕಣ್ಣ ಪಿಳುಕಿಸೂವಷ್ಟೂ ಇರಲಿಲ್ಲ ಅಂದೆಲ್ಲವಾ. ಖರೇನ?”

“ಖರೇರಿ ಆಯಿ.”

“ಅದಕ್ಕೂ ಹೆಸರ ಇಟ್ಟಾರ?”

“ಇಟ್ಟಾರಿ. ಇತ್ತು ಅನ್ನೂದು ಖಾತ್ರಿ ಆದ್ರ ಸಾಕು. ಎಷ್ಟ ಹೊತ್ತ ಇತ್ತಂತ ಯಾರೂ ಕೇಳೂದಿಲ್ಲ.”

ಆಯಿ ತೊಟ್ಟಿಲ ಗುಬ್ಬಿಯ ಮೇಲೆ ಕೈಯಾಡಿಸಿದಳು. “ನಂದು ಮೊದಲಿಂದು ಕೂಸು ಹೊತ್ತ ಮೂಡತ ಬಂದು, ಹೊತ್ತ ಮುಳಗತ ಹೋತು. ಹೆಸರ ಇಡಲಾರದ್ದಕ್ಕ ಅಳಬಾರದು ಅಂದ್ರು ನಮ್ಮತ್ತಿ. ಮಂದಿ ಮಲಗಿದ ಮ್ಯಾಲ ನಾ ಬರೇ ತೊಟ್ಟಲಾ ತೂಗ್ಕೋತ ಕುಂತಿದ್ದೆ. ಬೈದು ಬಿಚ್ಚಿ ಅಟ್ಟಕ್ಕ ಒಗದ್ರು,” ಎಂದಳು. ಮತ್ತೆ ನನ್ನ ಕಡೆ ನೋಡದೆ ಕೋಲು ಊರುತ್ತ ಹೊರಟುಹೋದಳು.

ನಾಳೆ ತೊಟ್ಟಿಲು ತರಬೇಕೋ ಬೇಡವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. “ಬ್ಯಾಡಂದಿಲ್ಲಲಾ, ನಡೀರಿ,” ಎಂದಳು ಹೆಂಡತಿ. ತಳದ ಹಲಗೆ ಕೂರಿಸಿ, ಕೊಬ್ಬರಿ ಎಣ್ಣೆಯ ವಾಸನೆ ಹೋಗುವ ತನಕ ಒರೆಸಿ, ಭಾನುವಾರ ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಬೆನ್ನು ಹಿಡಿದುಕೊಂಡು ಕುಂತಿದ್ದೆ.

ಆಯಿ ಬಾಗಿಲಲ್ಲೇ ಇದ್ದಳು. “ಲಗೂನ ಕಟ್ಟು ತಮ್ಮಾ,” ಎಂದಳು. ನನಗೆ ಉಸಿರು ಬಂತು.

ಬಾರಸಿ ಸಾಂಗವಾಗಿ ನಡೆಯಿತು. ಗುಂಡುಕಲ್ಲು ಮಲಗಿಸಿದರು, ಎತ್ತಿದರು, ಮೊಮ್ಮಗನನ್ನು ಮಲಗಿಸಿದರು, ಅತ್ತೆ ಕಿವಿಯಲ್ಲಿ ಹೆಸರು ಹೇಳಿ ಗುದ್ದು ತಿಂದಳು. ನಾನು ಆ ಹೆಸರಿನ ಥರ್ಮಾಕೋಲ್ ಅಕ್ಷರ ಕತ್ತರಿಸಿ ಪರದೆಗೆ ಚುಚ್ಚಿದೆ. ಕೂಸು ಹಸಿದು ಅಳತೊಡಗಿದಾಗ ತಾಯಿ ಎತ್ತಿಕೊಂಡು ಒಳಗೆ ಹೋದಳು. ಗುಗ್ಗರಿ ಹಂಚುತ್ತಿದ್ದರು. ನಾನು ತೊಟ್ಟಿಲು ಅಲುಗದಂತೆ ಹಿಡಿದು ಹಗ್ಗ ಬಿಗಿಯಲು ಹೋದೆ.

“ತಡಿ,” ಎಂದಳು ಆಯಿ.

ಗುಂಡುಕಲ್ಲನ್ನು ತಾನೇ ಎತ್ತಿ ತಂದಳು. ಕುಂಚಿಗೆ ಸರಿಮಾಡಿದಳು. ತೊಟ್ಟಿಲಲ್ಲಿ ಮಲಗಿಸಿದಳು. ಮೂಲೆಯಲ್ಲಿ ಗುಗ್ಗರಿ ಮೆಲ್ಲುತ್ತ ಕುಂತಿದ್ದ ಇನ್ನೊಬ್ಬ ಮುದುಕಿಯನ್ನು, ತನ್ನ ಗಂಡನ ತಂಗಿಯನ್ನು, ಕರೆದಳು. “ಏ ನಾದನಿ, ಬಾ ಇಲ್ಲಿ. ನನ್ನ ಮೊದಲಿಂದಕ್ಕ ಹೆಸರ ಇಡು.”

ನಾದನಿಗೆ ಕಿವಿ ಮಂದ. ಎರಡನೆಯ ಸಲ ಹೇಳಿದಾಗ ಕೇಳಿಸಿತು. ಗುಗ್ಗರಿಯ ಕೈಯನ್ನು ಸೀರೆಗೆ ಒರೆಸಿಕೊಂಡಳು. “ಏನ ಅನ್ನಲೇ?”

“ನೀ ಅತ್ತಿ. ಹಕ್ಕ ನಿಂದು. ನೀನ ಹೇಳು.”

ನಾದನಿ ತೊಟ್ಟಿಲ ಅಂಚು ಹಿಡಿದು ಬಗ್ಗಿದಳು. “ಕುರ್ರ್,” ಎಂದಳು. ಆಮೇಲೆ ಅಂದದ್ದು ನಮಗೆ ಯಾರಿಗೂ ಕೇಳಿಸಲಿಲ್ಲ. ಬಗ್ಗಿದವಳು ಹಾಗೇ ಇದ್ದಳು. ಅಷ್ಟು ವಯಸ್ಸಾದವಳ ಬೆನ್ನಿಗೆ ಗುದ್ದಲು ಯಾರಿಗೂ ಕೈ ಬರಲಿಲ್ಲ. ಕಡೆಗೆ ಆಯಿಯೇ ಕೋಲು ಗೋಡೆಗೆ ಆನಿಸಿ, ಮುಷ್ಟಿ ಎತ್ತಿ ಧಪ್ ಎಂದು ಒಂದು ಗುದ್ದಿದಳು.

“ಅಯ್ಯ ಹಾಟ್ಯಾಳ, ಕೊಲ್ಲತೀ ಏನ!” ಎಂದಳು ನಾದನಿ. ಇಬ್ಬರೂ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಹೆಂಡತಿಯೂ ಒರೆಸಿಕೊಂಡಳು. ಏನಾದರೂ ಮಾತಾಡಬೇಕಲ್ಲ ಎಂದು, “ಅಕ್ಷರ ಕತ್ತರಿಸ್ಲೇನಬೇ ಆಯಿ?” ಎಂದೆ.

“ಬ್ಯಾಡ,” ಎಂದಳು. “ನೀ ತೂಗು.”

ಹಗ್ಗ ಕೈಗೆ ತೆಗೆದುಕೊಂಡೆ. ಆಯಿ ಸಾಕು ಎನ್ನುವ ತನಕ ತೂಗಿದೆ.